ಕಿಟಕಿ ಮುಚ್ಚಿದ ಮೊದಲ ಸಲ

ಕೋಲ್ಡ್ ಕ್ರೀಮಿನ ಡಬ್ಬಿಯಲ್ಲಿ ಎರಡು ಬೆರಳಿನ ಗೆರೆಗಳು ಇರುತ್ತಿದ್ದವು. ಎಡದಿಂದ ಬಲಕ್ಕೆ ಹೋಗಿ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ತಿರುಗಿದ ಗೆರೆಗಳು. ಕ್ರೀಮು ತೆಗೆದುಕೊಂಡ ಮೇಲೆ ಮಿಸ್ ಮೆರಿಲ್ ಅದನ್ನು ನಯ ಮಾಡುತ್ತಿರಲಿಲ್ಲ, ಗೆರೆಗಳನ್ನು ಹಾಗೆಯೇ ಬಿಟ್ಟು ಮುಚ್ಚಳ ತಿರುಗಿಸುತ್ತಿದ್ದರು. ಬೇರೆ ಯಾರಾದರೂ ಬೆರಳಿಟ್ಟರೆ ಗೊತ್ತಾಗಬೇಕು. ಒಂದೇ ಕನ್ನಡಿಯ ಮುಂದೆ ನಾಲ್ಕಾರು ನಟಿಯರು ಬಣ್ಣ ಒರೆಸಿಕೊಳ್ಳುತ್ತಿದ್ದ ಕಾಲದಲ್ಲಿ ಕಲಿತ ಅಭ್ಯಾಸವಂತೆ. ನಾನು ನೋಡುವ ಹೊತ್ತಿಗೆ ಆ ಮನೆಯಲ್ಲಿ ಅವರೊಬ್ಬರೇ ಇದ್ದರು. ವಾರಕ್ಕೊಮ್ಮೆ ಹೋಗುತ್ತಿದ್ದವಳು ನಾನು ಮಾತ್ರ.

ಹೋದ ಶನಿವಾರ ಶಿಕಾಗೋದ ಡೆವನ್ ಅವೆನ್ಯೂದಲ್ಲಿ ಒಂದು ಸೀರೆ ಅಂಗಡಿಗೆ ಹೋಗಿದ್ದೆ. ಅಂಗಡಿಯಾಕೆ ಚಳಿಗೆ ಒಡೆದ ಕೈಗಳಿಗೆ ಕ್ರೀಮು ಹಚ್ಚಿಕೊಳ್ಳುತ್ತಿದ್ದರು. ಗುಲಾಬಿ ಮತ್ತು ಮೇಣ ಬೆರೆತ ವಾಸನೆ. ಸೀರೆ ನೋಡುವುದನ್ನು ಬಿಟ್ಟು ಗೋಡೆಗಳನ್ನು ನೋಡಿದೆ. ಆರೇಳು ವರ್ಷದ ಹಿಂದೆ ಈ ಅಂಗಡಿ ಔಷಧದ ಅಂಗಡಿಯಾಗಿತ್ತು. ಮಿಸ್ ಮೆರಿಲ್ ಅವರಿಗೆ ಅದೇ ಕ್ರೀಮನ್ನು ನಾನು ಇಲ್ಲಿಂದಲೇ ಕೊಂಡೊಯ್ಯುತ್ತಿದ್ದೆ. ಡಬ್ಬಿಯನ್ನು ಕೈಗೆ ಕೊಟ್ಟಾಗ ಅವರು ಮೊದಲು ಮುಚ್ಚಳ ತೆಗೆದು, ಮೇಲಿನ ಕಾಗದ ಹರಿದಿದೆಯೇ ಎಂದು ನೋಡಿ, ಆಮೇಲೆ ಥ್ಯಾಂಕ್ಸ್ ಹೇಳುತ್ತಿದ್ದರು.

ಎಪ್ಪತ್ತೆರಡರ ಚಳಿಗಾಲ ಅದು. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಶಿಕಾಗೋಗೆ ಬಂದು ಲೈಬ್ರರಿ ಸೈನ್ಸ್ ಓದುತ್ತಿದ್ದೆ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹಳೆಯ ನಾಟಕ ಕಂಪನಿಗಳ ಪೋಸ್ಟರು, ಫೋಟೋ, ಪುಸ್ತಕಗಳನ್ನು ಕೂಡಿಡುವ ಒಂದು ಚಿಕ್ಕ ವಿಭಾಗವಿತ್ತು. ಅಲ್ಲಿ ನನಗೆ ಅರ್ಧ ದಿನದ ಕೆಲಸ. ವಿಭಾಗದ ಮುಖ್ಯಸ್ಥರು ಮಿಸ್ಟರ್ ಡಾರ್ನ್. ಪೆನ್ಸಿಲನ್ನು ಕೂಡ ಅಳತೆ ಮಾಡಿ ಇಟ್ಟಂತೆ ಮೇಜಿನ ಮೇಲೆ ಇಡುತ್ತಿದ್ದ ಮನುಷ್ಯ. ನನ್ನ ಕೆಲಸ ಅವರಿಗೆ ಹಿಡಿಸಿತ್ತು. ಓದು ಮುಗಿದ ಮೇಲೆ ಅಲ್ಲೇ ಉಳಿಸಿಕೊಳ್ಳುವ ಮಾತನ್ನು ಒಮ್ಮೆ ಆಡಿದ್ದರು.

ಜನವರಿಯಲ್ಲಿ ಅವರು ನನ್ನನ್ನು ಕರೆದು ಒಂದು ಕೆಲಸ ಒಪ್ಪಿಸಿದರು. ಮಿಸ್ ಆಗಸ್ಟಾ ಮೆರಿಲ್ ಎಂಬ ಎಂಬತ್ತು ದಾಟಿದ ಹೆಂಗಸು ತಮ್ಮ ಹಳೆಯ ಪೆಟ್ಟಿಗೆಗಳನ್ನು ಗ್ರಂಥಾಲಯಕ್ಕೆ ಕೊಡುತ್ತೇನೆ ಎಂದಿದ್ದಾರೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಊರೂರು ತಿರುಗುವ ಕಂಪನಿಯಲ್ಲಿ ನಟಿಯಾಗಿದ್ದವರು. ಆ ಕಾಲದ ಒಂದು ಮೂರಂಕದ ನಾಟಕವನ್ನು ತಾವೇ ಬರೆದದ್ದು ಎನ್ನುತ್ತಾರೆ. ಅಚ್ಚಾದ ಪುಸ್ತಕದ ಮೇಲೆ ಇರುವುದು ಕಂಪನಿಯ ಮ್ಯಾನೇಜರನ ಹೆಸರು. ಡೆಟ್ರಾಯಿಟ್ ಕಡೆಯ ಒಂದು ಚಿಕ್ಕ ತಂಡ ಮೇ ತಿಂಗಳಲ್ಲಿ ಅದನ್ನು ಮತ್ತೆ ಆಡಲಿದೆ. ನಾಟಕ ಮಿಸ್ ಮೆರಿಲ್ ಅವರದೇ ಎಂದು ಗ್ರಂಥಾಲಯ ಬರೆದುಕೊಟ್ಟರೆ ಪ್ರೋಗ್ರಾಮಿನಲ್ಲಿ ಅವರ ಹೆಸರು ಹಾಕುತ್ತೇವೆ, ಇಲ್ಲವಾದರೆ ಪುಸ್ತಕದ ಮೇಲೆ ಇದ್ದ ಹೆಸರೇ ಇರುತ್ತದೆ ಎಂದು ಅಲ್ಲಿನ ನಿರ್ದೇಶಕಿ ತಿಳಿಸಿದ್ದರು. ಮ್ಯಾನೇಜರು ಸತ್ತು ಬಹಳ ಕಾಲವಾಗಿತ್ತು. ಆ ಕಂಪನಿಯವರಲ್ಲಿ ಬದುಕಿದ್ದವರು ಇವರೊಬ್ಬರೇ.

"ಹೋಗಿ ಅವರು ಹೇಳುವುದನ್ನು ಕೇಳಿ," ಎಂದರು ಮಿಸ್ಟರ್ ಡಾರ್ನ್. "ನಂಬಬೇಡಿ. ನಟಿಯರು ಚೆನ್ನಾಗಿ ಹೇಳುತ್ತಾರೆ."

ಜೊತೆಗೆ ಪುಸ್ತಕದ ಪ್ರತಿಯೊಂದನ್ನು ಕೊಟ್ಟರು. ಅದರಲ್ಲಿ ಅಚ್ಚಿನ ತಪ್ಪುಗಳಿವೆ, ಮೂರನೆಯ ಅಂಕದಲ್ಲಿ ಒಂದು ಮಾತಿಗೆ ಅರ್ಥವೇ ಆಗುವುದಿಲ್ಲ ಎಂದು ನಿರ್ದೇಶಕಿ ಗೊಣಗಿದ್ದಾರೆ, ಅದನ್ನೂ ನೋಡಿ ಎಂದರು. ಆ ಜಾಗವನ್ನು ಬಸ್ಸಿನಲ್ಲಿಯೇ ಓದಿದೆ. ತಂದೆ ಸತ್ತ ಮೇಲೆ ಮನೆ ಮಾರಬೇಕೋ ಬೇಡವೋ ಎಂದು ಇಬ್ಬರು ಅಕ್ಕತಂಗಿಯರು ಜಗಳವಾಡುವ ಹಾಸ್ಯನಾಟಕ. ಅಕ್ಕನಿಗೆ ಮಾರಲು ಇಷ್ಟವಿಲ್ಲ. ಮೂರನೆಯ ಅಂಕದಲ್ಲಿ ಅವಳು ತಂಗಿಗೆ ಕಿಟಕಿ ಮುಚ್ಚು ಎನ್ನುತ್ತಾಳೆ. ತಂಗಿ ಹೇಳುತ್ತಾಳೆ: "ನೀನು ಹೀಗೆ ಹೇಳುತ್ತಿರುವುದು ಇದು ಎರಡನೆಯ ಸಲ. ಮೊದಲ ಸಲ ನಾನು ಮುಚ್ಚಿದೆ." ಅಲ್ಲಿಯವರೆಗೆ ಇಡೀ ನಾಟಕದಲ್ಲಿ ಯಾರೂ ಕಿಟಕಿಯ ಮಾತೇ ಎತ್ತಿರಲಿಲ್ಲ. ಅಚ್ಚಿನ ಮೊಳೆ ಜೋಡಿಸುವವನ ತಪ್ಪು ಎಂದುಕೊಂಡು ಪುಟ ತಿರುವಿದೆ.

ಅವರ ಮನೆ ಸರೋವರದ ಹತ್ತಿರದ ಹಳೆಯ ಅಪಾರ್ಟ್‌ಮೆಂಟ್ ಕಟ್ಟಡದಲ್ಲಿತ್ತು. ಡೆವನ್ ಬಸ್ಸು ಇಳಿದು ಗಾಳಿಗೆ ಎದುರಾಗಿ ನಡೆಯಬೇಕು. ರಸ್ತೆಗೆ ಚೆಲ್ಲಿದ ಉಪ್ಪು ಬೂಟಿನ ಮೇಲೆ ಬಿಳಿಯ ಅಂಚು ಬಿಡುತ್ತಿತ್ತು. ಬಾಗಿಲು ಒಳಗಿನ ಸರಪಳಿ ಬಿಟ್ಟಷ್ಟೇ ತೆರೆಯಿತು. ಸಂದಿಯಲ್ಲಿ ಒಂದು ಕಣ್ಣು, ತಿದ್ದಿದ ಹುಬ್ಬು.

"ನಿಮ್ಮನ್ನು ಕಳಿಸಿದವರು ಯಾರು?"

ಗ್ರಂಥಾಲಯ ಎಂದೆ. ಗ್ರಂಥಾಲಯದವರೆಂದು ಹೇಳಿಕೊಂಡು ಯಾರು ಬೇಕಾದರೂ ಬರಬಹುದು ಎಂದರು. ನನ್ನ ಗುರುತಿನ ಕಾರ್ಡನ್ನು ಸಂದಿಯೊಳಗೆ ತೂರಿಸಿದೆ. ಅವರು ಅದನ್ನು ತೆಗೆದುಕೊಂಡು ಬಾಗಿಲು ಹಾಕಿಕೊಂಡರು. ತಣ್ಣಗಿನ ಮೊಗಸಾಲೆಯಲ್ಲಿ ನಿಂತು, ಕಾರ್ಡು ವಾಪಸು ಬರುತ್ತದೋ ಇಲ್ಲವೋ ಎಂದು ಯೋಚಿಸುತ್ತ ಕಾದೆ.

ಕೊನೆಗೆ ಒಳಗೆ ಬಿಟ್ಟರು. ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳು ಸುಯ್ಯೆನ್ನುತ್ತಿದ್ದವು. ಅವರು ಮೊದಲ ದಿನ ನನಗೆ ತೋರಿಸಿದ ಕುರ್ಚಿ ಅವರ ಕಣ್ಣಿಗೆ ನೇರವಾಗಿತ್ತು. ಸಕ್ಕರೆ ಡಬ್ಬಿ ಅವರ ಮಗ್ಗುಲಲ್ಲೇ ಇತ್ತು. ನನ್ನ ಕೈಚೀಲ ಬಾಗಿಲ ಹತ್ತಿರವೇ ಇರಲಿ ಎಂದರು. ನನಗೆ ಅವಮಾನವೆನಿಸಲಿಲ್ಲ, ಏಕೆಂದರೆ ಅವರನ್ನು ನಾನೂ ಹಾಗೆಯೇ ನೋಡುತ್ತಿದ್ದೆ. ಅವರು ಹೇಳಿದ ಮಾತೊಂದೂ ಮುಂದಿನ ವಾರ ಅದೇ ಆಗಿ ಉಳಿಯುತ್ತಿರಲಿಲ್ಲ. ನಾಟಕವನ್ನು ಕಲಮಜೂ ಎಂಬ ಊರಿನ ಹೋಟೆಲಿನಲ್ಲಿ ಬರೆದೆ ಎಂದರು. ಇನ್ನೊಂದು ವಾರ ಟೊಲೀಡೊಗೆ ಹೋಗುವ ರೈಲಿನಲ್ಲಿ. ಮತ್ತೊಂದು ವಾರ ಡೆಟ್ರಾಯಿಟಿನಲ್ಲಿ ಜ್ವರ ಬಂದು ಮಲಗಿದ್ದಾಗ. ನಾಟಕದ ತಂಗಿಯ ಹೆಸರು ಮೊದಲು ಬೇರೆ ಇತ್ತು ಎಂದರು, ಆಮೇಲೆ ತಂಗಿಯೇ ಇರಲಿಲ್ಲ, ಅತ್ತಿಗೆ ಇದ್ದಳು ಎಂದರು. ಕೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಒಂದರ ಪಕ್ಕ ಒಂದನ್ನಿಟ್ಟು ನೋಡುತ್ತಿದ್ದೆ.

ಪೆಟ್ಟಿಗೆಗಳಲ್ಲಿ ನಾಟಕದ ಪ್ರತಿ ಇರಲಿಲ್ಲ. ಸಿಕ್ಕಿದ್ದು ಕೆಲವು ಉದ್ದನೆಯ ಹಾಳೆಗಳು. ಆ ಕಾಲದ ಕಂಪನಿಗಳಲ್ಲಿ ನಟರಿಗೆ ಇಡೀ ನಾಟಕ ಕೊಡುತ್ತಿರಲಿಲ್ಲ. ಅವರವರ ಮಾತು, ಅದಕ್ಕೆ ಮುಂಚೆ ಎದುರಿನವರು ಆಡುವ ಮಾತಿನ ಕೊನೆಯ ಎರಡು ಮೂರು ಪದ, ಅಷ್ಟೇ ಬರೆದ ಹಾಳೆ ಕೊಡುತ್ತಿದ್ದರು. ಮಿಸ್ ಮೆರಿಲ್ ಅವರ ಹತ್ತಿರ ಇದ್ದದ್ದು ಆ ನಾಟಕದ ಕೆಲಸದಾಕೆಯ ಪಾತ್ರದ ಹಾಳೆಗಳು. ಚಹಾ ತರುವವಳು, ಯಾರೋ ಬಂದಿದ್ದಾರೆ ಎನ್ನುವವಳು. ನಾಟಕ ಬರೆದವರು ತಮಗಾಗಿ ಇದನ್ನೇ ಏಕೆ ಇಟ್ಟುಕೊಳ್ಳುತ್ತಾರೆ ಎಂದು ಕೇಳಿದೆ.

"ಮಾತು ಕಡಿಮೆ ಇದ್ದರೆ ಬೇರೆಯವರ ಮಾತು ಕೇಳಬಹುದು," ಎಂದರು.

ಉತ್ತರ ಚೆನ್ನಾಗಿತ್ತು. ಚೆನ್ನಾಗಿತ್ತು ಎನ್ನುವುದೇ ನನ್ನ ಅನುಮಾನವನ್ನು ಹೆಚ್ಚಿಸಿತು.

ಶನಿವಾರ ಭಾನುವಾರಗಳಲ್ಲಿ ಊರಾಚೆಯ ಓಕ್ ಬ್ರೂಕಿನ ಸರೋಜ ಆಂಟಿಯ ಮನೆಗೆ ಹೋಗುತ್ತಿದ್ದೆ. ನನ್ನ ತಾಯಿಯ ಗೆಳತಿಯ ಮಗಳು, ಗಂಡ ಡಾಕ್ಟರು. ಆಂಟಿಗೆ ಈ ಕೆಲಸ ಮೊದಲಿನಿಂದಲೂ ಸರಿಕಂಡಿರಲಿಲ್ಲ.

"ಅಲ್ಲ ಕಣೇ ವಸು, ಆ ನಾಟಕದವರ ಮನೆಗೆ ಒಬ್ಬಳೇ ಹೋಗ್ತೀಯಲ್ಲ. ನಾಳೆ ಏನೋ ಒಂದು ಕಾಣಿಸ್ತಿಲ್ಲ ಅಂದ್ರೆ ಪೊಲೀಸ್ ಕೇಳೋದು ಯಾರನ್ನ? ನಿನ್ನನ್ನೇ ತಾನೇ?"

ಆಕೆ ನನ್ನನ್ನು ಸಕ್ಕರೆ ಡಬ್ಬಿಯ ಹತ್ತಿರಕ್ಕೂ ಬಿಡುವುದಿಲ್ಲ ಎಂದೆ. ಆಂಟಿ ಕೈಯಲ್ಲಿದ್ದ ಸೌಟು ಹಾಗೆಯೇ ಹಿಡಿದು ನಿಂತರು. "ನೋಡಿದ್ಯಾ, ಈಗ್ಲೇ ಶುರುವಾಗಿದೆ," ಎಂದರು.

ಫೆಬ್ರವರಿಯ ಕೊನೆಯಲ್ಲಿ ನಾನು ಒಂದು ಪರೀಕ್ಷೆ ಯೋಚಿಸಿದೆ. ಎರಡನೆಯ ಅಂಕದ ನಡುವೆ ಅಕ್ಕತಂಗಿಯರಿಬ್ಬರೇ ಇರುವ ಒಂದು ಉದ್ದನೆಯ ದೃಶ್ಯವಿದೆ. ಕೆಲಸದಾಕೆಯನ್ನು ಡಾಕ್ಟರನ್ನು ಕರೆತರಲು ಕಳಿಸಿರುತ್ತಾರೆ. ಆ ಹೊತ್ತಿನಲ್ಲಿ ಆ ಪಾತ್ರ ಮಾಡುತ್ತಿದ್ದ ತಾನು ಮಹಡಿಯ ಮೇಲಿನ ಬಣ್ಣ ಹಚ್ಚುವ ಕೋಣೆಯಲ್ಲಿರುತ್ತಿದ್ದೆ ಎಂದು ಮಿಸ್ ಮೆರಿಲ್ ಅವರೇ ಹೇಳಿದ್ದರು. ಬರೀ ನಟಿಯಾಗಿದ್ದರೆ ಈ ದೃಶ್ಯ ಅವರಿಗೆ ಸರಿಯಾಗಿ ಬರಬಾರದು, ಬರೆದವರಾಗಿದ್ದರೆ ಬರಬೇಕು. ಹೀಗೆ ನನ್ನ ಲೆಕ್ಕ. ನಾನು ತಂಗಿಯ ಮಾತು ಓದುತ್ತೇನೆ, ನೀವು ನೆನಪಿನಿಂದ ಅಕ್ಕನ ಮಾತು ಹೇಳಿ ಎಂದೆ. ಜಾಣತನಕ್ಕೆ ನಡುವೆ ನನ್ನದೇ ಒಂದು ವಾಕ್ಯವನ್ನೂ ಸೇರಿಸಿದ್ದೆ.

ಅವರು ಕನ್ನಡಕ ತೆಗೆದಿಟ್ಟರು. ಬೆನ್ನು ನೆಟ್ಟಗಾಯಿತು. ದನಿ ಕೋಣೆಯ ಆ ತುದಿಯವರೆಗೆ, ಎತ್ತರಿಸದೆ, ಹೋಯಿತು. ಆದರೆ ಮಾತುಗಳು ಪುಸ್ತಕದಲ್ಲಿದ್ದಂತೆ ಇರಲಿಲ್ಲ. ಒಂದು ಕಡೆ ಎರಡು ಮಾತು ಅದಲುಬದಲಾದವು. ಒಂದು ಕಡೆ ಇಡೀ ಪ್ಯಾರಾ ಹೋಯಿತು. ನಾನು ಸೇರಿಸಿದ ವಾಕ್ಯ ಬಂದಾಗ ತಡೆಯಲಿಲ್ಲ, ಅದಕ್ಕೆ ತಕ್ಕ ಉತ್ತರವನ್ನೇ ಹೊಸದಾಗಿ ಕಟ್ಟಿ ಹೇಳಿದರು. ಇನ್ನೊಂದು ಕಡೆ, ತಂಗಿ ಮನೆಯ ಬೆಲೆಯ ವಿಷಯ ಎತ್ತಬೇಕು ಎನ್ನುವಷ್ಟರಲ್ಲಿ, ಪುಸ್ತಕದಲ್ಲಿ ಇಲ್ಲವೇ ಇಲ್ಲದ ಮಾತೊಂದನ್ನು ಹೇಳಿದರು: "ಕಿಟಕಿ ಮುಚ್ಚು. ಅಪ್ಪನ ಹೊಗೆಸೊಪ್ಪಿನ ವಾಸನೆ ಹೊರಗೆ ಹೋಗುತ್ತದೆ."

ಪ್ರತಿಯೊಂದಕ್ಕೂ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿ, ಅವರು ಹೇಳಿದ್ದನ್ನು ಪಕ್ಕದಲ್ಲಿ ಬರೆದೆ. ಅಂಚು ತುಂಬಿತು. ಕೆಳಗಿಳಿದು ಬಸ್ಸಿಗೆ ಕಾಯುವಾಗ ನನಗೆ ಒಂದು ಬಗೆಯ ತೃಪ್ತಿಯೇ ಆಗಿತ್ತು. ಆಕೆ ಬರೆದವರಲ್ಲ. ಅರೆಬರೆ ಕೇಳಿಸಿಕೊಂಡ ನಟಿ, ಐವತ್ತು ವರ್ಷದಿಂದ ತನಗೆ ತಾನೇ ಹೇಳಿಕೊಂಡು ನಂಬಿದ್ದಾರೆ. ಸೋಮವಾರ ಮಿಸ್ಟರ್ ಡಾರ್ನ್ ಅವರಿಗೆ ಇಷ್ಟನ್ನೇ ಹೇಳಿದೆ. ಅವರು ತಲೆಯಾಡಿಸಿ, ಅವಸರ ಬೇಡ, ಯುಗಾದಿಯೋ ಏನೋ ಇದೆಯಂತಲ್ಲ ನಿಮಗೆ, ಅದು ಮುಗಿಸಿ ಬರಹದಲ್ಲಿ ಕೊಡಿ ಎಂದರು.

ಯುಗಾದಿಗೆ ನಮ್ಮ ಕನ್ನಡದ ಕೆಲವು ಮನೆಗಳು ಸೇರಿ ನಾಟಕ ಆಡುವುದೆಂದು ಮಾತಾಗಿತ್ತು. ಬರೆದವರು ಧಾರವಾಡದ ಕುಲಕರ್ಣಿ ಅಂಕಲ್, ಎಂಜಿನಿಯರು. ತಾಲೀಮು ಸರೋಜ ಆಂಟಿಯ ಮನೆಯ ಬೇಸ್‌ಮೆಂಟಿನಲ್ಲಿ, ಭಾನುವಾರ ಮಧ್ಯಾಹ್ನ. ಬಾಡಿಗೆ ಮನೆ ಹುಡುಕುವ ಒಬ್ಬ ಗುಮಾಸ್ತನ ಕಥೆ, ಆಂಟಿಯದು ಮನೆಯ ಒಡತಿಯ ಪಾತ್ರ. ಕನ್ನಡದ ಟೈಪ್‌ರೈಟರು ಇಲ್ಲಿ ಯಾರ ಹತ್ತಿರವೂ ಇಲ್ಲ. ಇಡೀ ನಾಟಕವನ್ನು ಪ್ರತಿಯೊಬ್ಬರಿಗೂ ಕೈಯಲ್ಲಿ ನಕಲು ಮಾಡುವುದು ಆಗದ ಮಾತು. ಅಂಕಲ್ ಅವರವರ ಮಾತನ್ನಷ್ಟೇ ಚೀಟಿಗಳಲ್ಲಿ ಬರೆದು, ಎದುರಿನವರ ಮಾತಿನ ಕೊನೆಯ ಎರಡು ಪದ ಸೇರಿಸಿ ಹಂಚಿದ್ದರು. ಪೂರ್ತಿ ಪ್ರತಿ ಇದ್ದದ್ದು ಒಂದೇ. ಅದನ್ನು, ಮಾತು ಮರೆತವರಿಗೆ ಪ್ರಾಂಪ್ಟ್ ಮಾಡಲೆಂದು, ನನಗೆ ಕೊಟ್ಟಿದ್ದರು.

ಆಂಟಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು, "ಮತ್ತೆ ಮತ್ತೆ ನಲ್ಲಿ ನಲ್ಲಿ ಅಂತ ಯಾಕ್ರೀ ಕೇಳ್ತೀರಿ?" ಎಂದರು.

ಗುಮಾಸ್ತನ ಪಾತ್ರದವರು ತಡವರಿಸಿದರು. "ನಾನು ನಲ್ಲಿ ವಿಷಯ ಎತ್ತೇ ಇಲ್ವಲ್ಲ, ಆಂಟಿ."

"ನನ್ನ ಚೀಟೀಲಿ ಇದೆ, ನೋಡ್ಕೊಳ್ಳಿ."

"ನನ್ನ ಚೀಟೀಲಿ ಇಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ಪ್ರತಿಯಲ್ಲಿ ಹುಡುಕಿದೆ. ಹಿಂದಿನ ಪುಟದಲ್ಲಿ ನಾಲ್ಕು ಸಾಲಿಗೆ ಅಡ್ಡಗೆರೆ ಎಳೆದಿತ್ತು. ಅಂಕಲ್ ಮೆಟ್ಟಿಲ ಮೇಲೆ ಕೂತು ಚಕ್ಕುಲಿ ತಿನ್ನುತ್ತಿದ್ದರು.

"ಅದನ್ನ ಮೊನ್ನೆ ನಾನಽ ಹೊಡದ ಹಾಕೀನಿ," ಎಂದರು. "ಭಾಳ ಉದ್ದ ಆಗಿತ್ತು."

"ಮತ್ತೆ ನನ್ನ ಮಾತು?" ಆಂಟಿ ಕೇಳಿದರು.

"ನಿಮ್ಮ ಮಾತು ಹೊಡ್ಯೂದು ಮರತೆ ನೋಡ್ರಿ."

ಎಲ್ಲರೂ ನಕ್ಕರು. ನಾನು ನಗುತ್ತಿರಲಿಲ್ಲ ಎಂಬುದನ್ನು ಅಂಕಲ್ ಗಮನಿಸಿದರೋ ಏನೋ, ಚಕ್ಕುಲಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು. ನೀವೇ ಬರೆದದ್ದು ನಿಮಗೆ ನೆನಪಿರುವುದಿಲ್ಲವೇ ಎಂದು ಕೇಳಿದೆ.

"ಬರದಾವಗ ಹೆಂಗ ನೆನಪಿರ್ತದ, ತಂಗಿ? ಬರದದ್ದು, ಹೊಡದದ್ದು, ಬರೀಬೇಕಂತ ಮಾಡಿದ್ದು, ಎಲ್ಲಾ ಕೂಡೇ ತಲ್ಯಾಗ ಅದಾವ. ಅಕ್ಷರಕ್ಕ ಅಕ್ಷರ ಬೇಕಂದ್ರ ನಟರನ್ನ ಕೇಳು. ಅವರು ಬಾಯಿಪಾಠ ಮಾಡಿರ್ತಾರ." ತಮ್ಮ ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದು ತೋರಿಸಿದರು. ತಾವು ಮಾಡುವ ಅಂಚೆಯವನ ಪಾತ್ರದ ನಾಲ್ಕು ಮಾತು. ಬರೆದವರ ಕೈಯಲ್ಲಿ ಉಳಿದಿದ್ದ ನಾಟಕ ಅಷ್ಟೇ.

ಆಂಟಿ ಮತ್ತೆ ಮೊದಲಿಂದ ಶುರು ಮಾಡಿದರು. ನನಗೆ ಪ್ರಾಂಪ್ಟ್ ಮಾಡಲು ಆಗಲಿಲ್ಲ, ಆ ಇಂಗ್ಲಿಷ್ ನಾಟಕದ ತಂಗಿಯ ಮಾತು ಕಿವಿಯಲ್ಲಿತ್ತು. ಕಿಟಕಿ ಮುಚ್ಚು ಎಂದು ನೀನು ಹೇಳುತ್ತಿರುವುದು ಇದು ಎರಡನೆಯ ಸಲ. ಮೊದಲ ಸಲ ಯಾವುದು ಎಂಬುದು ನನ್ನದೇ ಪೆನ್ಸಿಲಿನ ಗುರುತಿನ ಪಕ್ಕದಲ್ಲಿತ್ತು, ತಪ್ಪೆಂದು ಗುರುತು ಹಾಕಿದ್ದೆ.

ಆ ವಾರ ಸರೋವರದ ಅಂಚಿನ ಮಂಜುಗಡ್ಡೆ ಬಿರಿಯಲು ಶುರುವಾಗಿತ್ತು. ಬಾಗಿಲು ಮತ್ತೆ ಸರಪಳಿ ಬಿಟ್ಟಷ್ಟೇ ತೆರೆಯಿತು. ಇವತ್ತು ಪೆನ್ಸಿಲು ತಂದಿದ್ದೀರಾ ಎಂದು ಮಿಸ್ ಮೆರಿಲ್ ಕೇಳಿದರು. ಇಲ್ಲ ಎಂದೆ. ಕೈಚೀಲ ತೆರೆದು ತೋರಿಸಿದೆ.

"ಹೋದ ಸಲ ನೀವು ಗುರುತು ಹಾಕುತ್ತಿದ್ದುದನ್ನು ನೋಡಿದೆ, ಮಿಸ್ ರಾವ್. ನೀವೇ ಒಂದು ವಾಕ್ಯ ಬರೆದು ಸೇರಿಸಿದ್ದನ್ನೂ ನೋಡಿದೆ. ಆ ತಂಗಿ ಅಕ್ಕನನ್ನು 'ಪ್ರಿಯ' ಎನ್ನುವವಳಲ್ಲ. ಆದರೂ ಬಿಟ್ಟೆ. ಪಾಪ, ಕಷ್ಟಪಟ್ಟು ಬರೆದಿದ್ದೀರಿ ಎನಿಸಿತು."

ನಾನು ಬಲೆ ಬೀಸಿದ್ದೆ, ಅವರು ಅದರೊಳಗೆ ಬಂದು ಕೂತು ನನ್ನನ್ನೇ ನೋಡುತ್ತಿದ್ದರು. ಒಂದೇ ಪ್ರಶ್ನೆ ಕೇಳುತ್ತೇನೆ, ಆಮೇಲೆ ಹೋಗುತ್ತೇನೆ ಎಂದೆ. ಮೂರನೆಯ ಅಂಕದಲ್ಲಿ ತಂಗಿ ಇದು ಎರಡನೆಯ ಸಲ ಎನ್ನುತ್ತಾಳೆ, ಪುಸ್ತಕದಲ್ಲಿ ಮೊದಲ ಸಲ ಎಲ್ಲಿಯೂ ಇಲ್ಲ.

ಅವರು ಬಾಗಿಲು ಹಾಕಿಕೊಂಡರು. ಆಮೇಲೆ ಸರಪಳಿ ಬಿಚ್ಚಿದರು.

"ಅದನ್ನು ಆ ಮ್ಯಾನೇಜರು ತೆಗೆಯಲೇ ಇಲ್ಲವೇ?" ಎಂದರು. "ಪುಸ್ತಕದಲ್ಲಿ ಹಾಗೆಯೇ ಇದೆಯೇ?"

ಅಚ್ಚಾದ ಪುಸ್ತಕವನ್ನು ಅವರು ಓದಿಯೇ ಇರಲಿಲ್ಲವಂತೆ. ಹೊದಿಕೆ ನೋಡಿ ಪೆಟ್ಟಿಗೆಗೆ ಹಾಕಿದ್ದರು, ಆಮೇಲೆ ಯಾರಿಗೋ ಕೊಟ್ಟುಬಿಟ್ಟರು. ನಡೆದದ್ದನ್ನು ಅವರು ಹೇಳಿದ ಹಾಗೆ ಬರೆಯುತ್ತೇನೆ. ತಂಗಿಯ ಪಾತ್ರ ಮಾಡುತ್ತಿದ್ದವಳು ಕಂಪನಿಯ ದೊಡ್ಡ ನಟಿ. ಎರಡನೆಯ ಅಂಕದಲ್ಲಿ ಅವಳ ಉದ್ದನೆಯ ಮಾತಿಗೆ ಸ್ವಲ್ಪ ಮುಂಚೆ ಅವಳು ಎದ್ದು ಹೋಗಿ ಕಿಟಕಿ ಮುಚ್ಚಬೇಕಿತ್ತು. ಬೆನ್ನು ತಿರುಗಿಸಿ ನಡೆದರೆ ಮಾತಿನ ಬಿಗಿ ಹೋಗುತ್ತದೆ ಎಂದು ಹಟ ಮಾಡಿದಳು. ಮೊದಲ ತಾಲೀಮಿನಲ್ಲೇ ಮ್ಯಾನೇಜರು ಆ ಸಾಲು ಹೊಡೆದುಹಾಕಿದ. ಮೂರನೆಯ ಅಂಕದಲ್ಲಿ ಅದಕ್ಕೆ ಕಾದು ಕೂತಿದ್ದ ಉತ್ತರವನ್ನು ಹೊಡೆಯುವುದು ಮರೆತ. ಅಲ್ಲಿಗೆ ಬಂದಾಗ ಪ್ರತಿ ಸಲವೂ ಇವರ ಎದೆ ಹೊಡೆದುಕೊಳ್ಳುತ್ತಿತ್ತಂತೆ, ಈಗ ಯಾರಾದರೂ ಕೇಳುತ್ತಾರೆ ಎಂದು. ಯಾರೂ ಕೇಳಲಿಲ್ಲ.

"ಐವತ್ತು ವರ್ಷದ ಮೇಲೆ ನೀವು ಕೇಳಿದಿರಿ," ಎಂದರು. "ಅದೂ ನನ್ನನ್ನು ಕಳ್ಳಿ ಎಂದು ಹಿಡಿಯಲು ಬಂದವರು."

ಸಕ್ಕರೆ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ನಾನು ಸಕ್ಕರೆ ಹಾಕಿಕೊಳ್ಳುವುದಿಲ್ಲ. ಅವತ್ತು ಹಾಕಿಕೊಂಡೆ.

ಆದರೂ ಬಸ್ಸು ಹತ್ತಿದ ಕೂಡಲೇ ಅನುಮಾನ ಪಕ್ಕದ ಸೀಟಿನಲ್ಲಿ ಬಂದು ಕೂತಿತು. ಪುಸ್ತಕ ಓದಿಯೇ ಇಲ್ಲ ಎನ್ನುವುದು ಅವರ ಮಾತು. ಓದಿ, ಆ ತೂತನ್ನು ಕಂಡು, ಅದಕ್ಕೆ ಸರಿಯಾದ ಬೆಣೆಯನ್ನು ಕೆತ್ತಿಟ್ಟುಕೊಂಡು, ನಾನೇ ಕಂಡುಹಿಡಿಯಲಿ ಎಂದು ಕಾದಿರಬಹುದಲ್ಲ. ಮಿಸ್ಟರ್ ಡಾರ್ನ್ ಕೂಡ ಇದನ್ನೇ ಹೇಳಿದರು. ಅಲ್ಲದೆ ಮೊದಲ ತಾಲೀಮಿನಲ್ಲಿ ಆ ಸಾಲು ಇದ್ದಿದ್ದರೆ ಕೆಲಸದಾಕೆಯ ಪಾತ್ರದವರೂ ಅಲ್ಲಿ ಕೂತು ಕೇಳಿರುತ್ತಾರೆ, ನಟಿಯ ಕಿವಿಗೆ ಬಿದ್ದದ್ದು ನಟಿಯ ಬರಹವಾಗುವುದಿಲ್ಲ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಗ್ರಂಥಾಲಯ ಏನನ್ನೂ ಬರೆದುಕೊಡುವುದಿಲ್ಲ. ಪುಸ್ತಕವನ್ನು ಮ್ಯಾನೇಜರನ ಹೆಸರಿನಲ್ಲೇ ಕ್ಯಾಟಲಾಗಿಗೆ ಸೇರಿಸಿ, ಕೆಳಗೆ ಸಣ್ಣದಾಗಿ, ಮಿಸ್ ಮೆರಿಲ್ ಬರೆದಿರಬಹುದೆಂಬ ಊಹೆಯಿದೆ ಎಂದು ಟೈಪ್ ಮಾಡಿ ಎಂದರು. ಕಾರ್ಡು ನಾನೇ ಟೈಪ್ ಮಾಡಬೇಕಿತ್ತು. ಬೇರೆ ಕೆಲಸಗಳಿವೆ ಎಂದು ಅದನ್ನು ಮುಂದೂಡುತ್ತ ಹೋದೆ.

ಡೆಟ್ರಾಯಿಟಿನ ನಿರ್ದೇಶಕಿಗೆ ಮಾತ್ರ ಫೋನಿನಲ್ಲಿ ಕಿಟಕಿಯ ಸಾಲನ್ನು ಓದಿ ಹೇಳಿದೆ. ಅದಕ್ಕೆ ಯಾರ ಸಹಿಯೂ ಬೇಕಿರಲಿಲ್ಲ. ಅವರು ಇನ್ನೊಮ್ಮೆ ಹೇಳಿ ಎಂದರು.

ಮೇ ತಿಂಗಳಲ್ಲಿ ಕುಲಕರ್ಣಿ ಅಂಕಲ್ ತಮ್ಮ ಸ್ಟೇಷನ್ ವ್ಯಾಗನ್ ಕಾರಿನಲ್ಲಿ ನನ್ನನ್ನೂ ಮಿಸ್ ಮೆರಿಲ್ ಅವರನ್ನೂ ನಾಟಕಕ್ಕೆ ಕರೆದೊಯ್ದರು. ಅವರ ಷಡ್ಡಕ ಡೆಟ್ರಾಯಿಟ್ ಹತ್ತಿರದ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಡಾಕ್ಟರು, ಶನಿವಾರ ಅವರ ಮನೆಯಲ್ಲಿ ಉಳಿದು ಭಾನುವಾರ ಮಧ್ಯಾಹ್ನದ ಆಟ ನೋಡಿ ಬರುವುದು ಎಂದಾಗಿತ್ತು. ನನ್ನನ್ನು ಒಬ್ಬಳೇ ಕಳಿಸಲು ಒಪ್ಪದೆ ಸರೋಜ ಆಂಟಿಯೂ ಹೊರಟರು. ಮಿಸ್ ಮೆರಿಲ್ ಮುಂದಿನ ಸೀಟಿನಲ್ಲಿ, ಟೋಪಿ ಹಾಕಿ, ಕೈಚೀಲವನ್ನು ಮಡಿಲಲ್ಲಿ ಎರಡೂ ಕೈಗಳಿಂದ ಹಿಡಿದು ಕೂತಿದ್ದರು. ಅಂಕಲ್ ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ತಪ್ಪಿಸಿ ಹಲವು ಮೈಲು ಹೆಚ್ಚು ಹೋದಾಗ ನಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದೀರಿ ಎಂದು ನೇರವಾಗಿಯೇ ಕೇಳಿದರು. ಆಂಟಿ ಪುಳಿಯೋಗರೆ ಕೊಟ್ಟರೆ ಚಮಚದಿಂದ ಅದನ್ನು ಸರಿಸಿ ಸರಿಸಿ ನೋಡಿ, ಈ ಕರಿಯ ಕಾಳು ಏನು ಎಂದರು. ಸಾಸಿವೆ ಎಂದೆ. ಹಾಗಿದ್ದರೆ ಸರಿ ಎಂದು ಪೂರ್ತಿ ತಿಂದರು.

"ಇವರಿಗೆ ಮದುವೆ ಆಗಿತ್ತೇನೇ?" ಆಂಟಿ ಕನ್ನಡದಲ್ಲಿ ಕೇಳಿದರು.

ಗೊತ್ತಿಲ್ಲ ಎಂದೆ.

"ಇಷ್ಟು ದಿನ ಹೋಗಿ ಅದನ್ನೂ ಕೇಳಲಿಲ್ವಾ? ಮತ್ತೇನು ಕೇಳ್ದೆ ನೀನು?"

"ನಾಟಕ ಯಾರು ಬರದ್ರು ಅಂತ ಕೇಳ್ಯಾಳ," ಎಂದರು ಅಂಕಲ್ ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ನನಗ ಇಷ್ಟ ವರ್ಷದಾಗ ಯಾರೂ ಕೇಳಿಲ್ಲ."

ಪ್ರೋಗ್ರಾಮಿನಲ್ಲಿ ಏನಿರುತ್ತದೆ ಎಂದು ನನಗೆ ಗೊತ್ತಿತ್ತು. ಮಿಸ್ ಮೆರಿಲ್ ಅವರಿಗೆ ಹೇಳಿರಲಿಲ್ಲ. ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡೆ. ರಾತ್ರಿ ಆ ಡಾಕ್ಟರ ಮನೆಯಲ್ಲಿ ಅವರು ಮಲಗುವ ಕೋಣೆಯ ಬಾಗಿಲಿಗೆ ಒಳಗಿನಿಂದ ಕುರ್ಚಿ ಒತ್ತಿಟ್ಟ ಸದ್ದು ಕೇಳಿತು. ಬೆಳಿಗ್ಗೆ ಕಾಫಿ ಬಹಳ ಚೆನ್ನಾಗಿದೆ ಎಂದರು. ಅಷ್ಟರಲ್ಲಿ ಹೊರಡುವ ಹೊತ್ತಾಯಿತು.

ನಾಟಕಶಾಲೆ ಒಂದು ಹಳೆಯ ಚರ್ಚಿನ ಸಭಾಂಗಣ. ಮಡಚುವ ಕುರ್ಚಿಗಳು. ಬಾಗಿಲಲ್ಲಿ ಪ್ರೋಗ್ರಾಮು ಕೊಟ್ಟರು. ಮಿಸ್ ಮೆರಿಲ್ ನಿಂತಲ್ಲೇ ತೆರೆದರು. ದೊಡ್ಡ ಅಕ್ಷರಗಳಲ್ಲಿ ಮ್ಯಾನೇಜರನ ಹೆಸರು. ಕೆಳಗೆ, ಮೊದಲ ಪ್ರದರ್ಶನದಲ್ಲಿ ಕೆಲಸದಾಕೆಯ ಪಾತ್ರ ವಹಿಸಿದ್ದ ಮಿಸ್ ಆಗಸ್ಟಾ ಮೆರಿಲ್ ಅವರಿಗೆ ಕೃತಜ್ಞತೆಗಳು ಎಂದಿತ್ತು. ಅವರು ಅದನ್ನು ನೀಟಾಗಿ ಎರಡಾಗಿ ಮಡಚಿ ಕೈಚೀಲಕ್ಕೆ ಹಾಕಿದರು.

"ಅಕ್ಷರ ದೊಡ್ಡದಾಗಿದೆ," ಎಂದರು. "ಕನ್ನಡಕ ಬೇಕಾಗಲಿಲ್ಲ."

ನಾನು ಅವರ ಪಕ್ಕದಲ್ಲಿ ಕೂತೆ. ನಾಟಕವನ್ನು ನೋಡಲಿಲ್ಲ, ಅವರನ್ನು ನೋಡಿದೆ. ಆಗಲೂ ನಾನು ಪರೀಕ್ಷಕಳೇ. ಎರಡನೆಯ ಅಂಕ ಬಂತು, ಕೆಲಸದಾಕೆ ಡಾಕ್ಟರನ್ನು ಕರೆಯಲು ಹೋದಳು. ಅಕ್ಕ ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿ ಹೇಳಿದಳು: "ಕಿಟಕಿ ಮುಚ್ಚು. ಅಪ್ಪನ ಹೊಗೆಸೊಪ್ಪಿನ ವಾಸನೆ ಹೊರಗೆ ಹೋಗುತ್ತದೆ." ತಂಗಿ ಎದ್ದು, ಬೆನ್ನು ತಿರುಗಿಸಿ, ರಂಗದ ಅಷ್ಟು ಅಗಲವನ್ನೂ ನಡೆದು ಕಿಟಕಿ ಮುಚ್ಚಿದಳು. ಅಲ್ಲಿಯವರೆಗೆ ನಗುತ್ತಿದ್ದ ಜನ ಸುಮ್ಮನಾದರು. ಎಲ್ಲೋ ಒಂದು ಕುರ್ಚಿ ಕಿರುಗುಟ್ಟಿದ್ದೂ ಕೇಳಿತು.

ಮಿಸ್ ಮೆರಿಲ್ ಅವರ ಮುಖದಲ್ಲಿ ಗೆದ್ದ ಸಂತೋಷ ಕಾಣುತ್ತದೆ ಎಂದುಕೊಂಡಿದ್ದೆ. ಬೆಣೆ ಕೆತ್ತಿ ಇಟ್ಟವರಾಗಿದ್ದರೆ ಕಾಣಬೇಕಿತ್ತು. ಕೇಳಿದ ಮಾತನ್ನು ನೆನಪಿಟ್ಟುಕೊಂಡ ನಟಿಯಾಗಿದ್ದರೂ ಆ ಮೌನ ಸಾಕಿತ್ತು. ಅವರು ಹುಬ್ಬು ಗಂಟಿಕ್ಕಿದ್ದರು.

"ಅಪ್ಪನ ಎನ್ನುವುದು ಬೇಡವಾಗಿತ್ತು," ಎಂದು ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು. "ಹೊಗೆಸೊಪ್ಪಿನ ವಾಸನೆ ಎಂದರೆ ಸಾಕು. ಯಾರದು ಎಂದು ಜನಕ್ಕೆ ಗೊತ್ತಾಗುತ್ತದೆ. ಆಗ ನನಗೆ ಜನರ ಮೇಲೆ ನಂಬಿಕೆ ಇರಲಿಲ್ಲ."

ಮಡಿಲಿನ ಕೈಚೀಲದ ಮೇಲೆ ಅವರ ಎರಡು ಬೆರಳು ಒಂದು ಗೆರೆ ಎಳೆದವು. ಎಡದಿಂದ ಬಲಕ್ಕೆ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ. ಆ ಪದವನ್ನು ಹೊಡೆದುಹಾಕಿದರು.

ಮೂರನೆಯ ಅಂಕದಲ್ಲಿ ತಂಗಿ ಇದು ಎರಡನೆಯ ಸಲ ಎಂದಾಗ ಮೊದಲು ಒಬ್ಬರು ನಕ್ಕರು, ಆಮೇಲೆ ಯಾರೂ ನಗಲಿಲ್ಲ. ಸರೋಜ ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡು, ಇದೇನು ಹಾಸ್ಯನಾಟಕ ಅಂತ ಕರ್ಕೊಂಡು ಬಂದ್ಯಲ್ಲ ಎಂದು ನನ್ನನ್ನೇ ಬೈದರು. ವಾಪಸು ಬರುವಾಗ ಮಿಸ್ ಮೆರಿಲ್ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ಕೈಚೀಲ ಮಡಿಲಿಂದ ಜಾರಿ ಕಾಲಬುಡದಲ್ಲಿತ್ತು, ಎತ್ತಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಮಿಸ್ಟರ್ ಡಾರ್ನ್ ಬರುವುದಕ್ಕೆ ಮುಂಚೆ ಗ್ರಂಥಾಲಯಕ್ಕೆ ಹೋದೆ. ಕೋಟು ತೆಗೆಯದೆ ಟೈಪ್‌ರೈಟರಿಗೆ ಹೊಸ ಕಾರ್ಡು ತೂರಿಸಿದೆ. ಮೇಲಿನ ಸಾಲಿನಲ್ಲಿ, ನಾಟಕ ಬರೆದವರ ಹೆಸರು ಬರಬೇಕಾದ ಜಾಗದಲ್ಲಿ, ಮೆರಿಲ್, ಆಗಸ್ಟಾ ಎಂದು ಟೈಪ್ ಮಾಡಿದೆ. ಊಹೆ ಎಂದು ಬರೆಯಬೇಕಾಗಿದ್ದ ಕೆಳಗಿನ ಸಾಲನ್ನು ಖಾಲಿ ಬಿಟ್ಟೆ. ಡ್ರಾಯರು ಎಳೆದು, ಕಾರ್ಡುಗಳನ್ನು ಹಿಡಿದಿಡುವ ಕಂಬಿಯನ್ನು ಕಳಚಿ, ಅದರ ಜಾಗದಲ್ಲಿ ಅದನ್ನು ಇಳಿಸಿ, ಕಂಬಿಯನ್ನು ಮತ್ತೆ ತೂರಿಸಿ ತುದಿಯ ತಿರುಪು ಬಿಗಿ ಮಾಡಿದೆ.